ಓದುಗರ ಪ್ರಶ್ನೆ: ಬ್ರಿಡ್ಜ್ ಆಡುವ ಹುಡುಗನಿಗೆ ಮೊದಲು ಬೇಕಾದದ್ದು ಜೊತೆಗಾರ

ಪ್ರಶ್ನೆ: ನನ್ನ ಮಗನಿಗೆ 14 ವರ್ಷ. ಎರಡು ವರ್ಷಗಳ ಹಿಂದೆ ಕಕ್ಕಡದ ಮಳೆಯಲ್ಲಿ ಹೊರಗೆ ಕಾಲಿಡಲಾಗದೆ ಕುಳಿತಿದ್ದಾಗ ತಾತ ಕಲಿಸಿದ ಬ್ರಿಡ್ಜ್ ಆಟವನ್ನು ಈಗ ಅವರಿಗಿಂತ ಚೆನ್ನಾಗಿ ಆಡುತ್ತಾನೆ. ದೇಶಕ್ಕಾಗಿ ಆಡಿ ಚಾಂಪಿಯನ್ ಆಗುತ್ತೇನೆ ಎನ್ನುತ್ತಾನೆ. ನಮ್ಮಲ್ಲಿ ಹಾಕಿಗೆ ಇರುವ ಗೌರವ ಇಸ್ಪೀಟಿಗೆ ಇಲ್ಲ. ಹುಡುಗ ಜೂಜಿಗೆ ಬಿದ್ದ ಎಂದು ನೆಂಟರು ಆಡಿಕೊಳ್ಳುತ್ತಾರೆ. ತಡೆಯಲೇ, ಬಿಡಲೇ?
– ಒಬ್ಬ ತಾಯಿ, ವಿರಾಜಪೇಟೆ ತಾಲ್ಲೂಕು

ಉತ್ತರ: ತಡೆಯಬೇಡಿ, ತಾಯಿ. ಹಬ್ಬದ ದಿನಗಳಲ್ಲಿ ಹಣ ಕಟ್ಟಿ ಆಡುವವರನ್ನು ಕಂಡವರಿಗೆ ಇಸ್ಪೀಟು ಎಂದೊಡನೆ ಭಯವಾಗುವುದು ಸಹಜ. ಆದರೆ ಸ್ಪರ್ಧೆಯ ಬ್ರಿಡ್ಜ್‌ನಲ್ಲಿ ಒಮ್ಮೆ ಹಂಚಿದ 52 ಎಲೆಗಳನ್ನೇ, ನಾಲ್ಕು ಕೈಗಳೂ ಕಲೆಯದಂತೆ, ಮೇಜಿನಿಂದ ಮೇಜಿಗೆ ಸಾಗಿಸುತ್ತಾರೆ. ನಿಮ್ಮ ಮಗ ಹಿಡಿದ 13 ಎಲೆಗಳನ್ನೇ ಇನ್ನೊಂದು ಮೇಜಿನ ಆಟಗಾರನೂ ಹಿಡಿದಿರುತ್ತಾನೆ. ಅದರಲ್ಲಿ ಯಾರು ಹೆಚ್ಚು ಸಾಧಿಸಿದರು ಎಂಬುದರ ಮೇಲೆ ಅಂಕ ಬೀಳುತ್ತದೆ. ಆದ್ದರಿಂದ ಒಳ್ಳೆಯ ಎಲೆ ಬರಲಿಲ್ಲ ಎಂಬ ನೆಪಕ್ಕೆ ಅಲ್ಲಿ ಜಾಗವಿಲ್ಲ. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಭಾರತಕ್ಕೆ ಚಿನ್ನ ತಂದದ್ದು ಇದೇ ಆಟದಲ್ಲಿ. ಆಗ ಬರ್ಧನ್ ಅವರಿಗೆ 60 ವರ್ಷ.

ನೆಂಟರು ಮತ್ತೆ ಮಾತೆತ್ತಿದರೆ ಮಗನಿಂದಲೇ ಇಂಥ ಒಂದು ಕೈಯನ್ನು ಬಿಡಿಸಿ ತೋರಿಸಿ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂದು ಲೆಕ್ಕವಿಟ್ಟು, 13 ಅಂಕ ಬಂದವರು ಸಾಮಾನ್ಯವಾಗಿ ಮೊದಲ ಬಿಡ್ (ಕೂಗು) ಹೇಳಿಯೇ ಹೇಳುತ್ತಾರೆ. ಎಡಗಡೆಯವನು ಆರಂಭದಲ್ಲೇ ‘ಪಾಸ್’ ಎಂದಿದ್ದಾನೆ. ಆಟ ನಡೆದಂತೆ ಅವನ ಕೈಯಿಂದ ಇಸ್ಪೀಟಿನ ಎಕ್ಕ, ರಾಜ, ಕಳಾವರ್ ರಾಣಿ, ಗುಲಾಮ ಬಿದ್ದವು. ಅಂದರೆ ಆಗಲೇ 10 ಅಂಕ. ಆಟೀನಿನ ಎಕ್ಕ, ರಾಣಿ ಡಮ್ಮಿಯಲ್ಲಿವೆ, ಅಂದರೆ ಜೊತೆಗಾರ ಮೇಜಿನ ಮೇಲೆ ತೆರೆದಿಟ್ಟ ಕೈಯಲ್ಲಿವೆ, ರಾಜ ಕಾಣುತ್ತಿಲ್ಲ. ಅದೂ ಎಡಗಡೆಯಲ್ಲಿದ್ದರೆ 13 ಆಗುತ್ತಿತ್ತು, ಅವನು ಪಾಸ್ ಎನ್ನುತ್ತಿರಲಿಲ್ಲ. ಹಾಗಾಗಿ ರಾಜ ಬಲಗಡೆಯಲ್ಲಿದೆ. ಬಲ್ಲ ಹುಡುಗ ರಾಣಿಯನ್ನು ಪಣಕ್ಕಿಡದೆ ಎಕ್ಕ ಹಾಕಿ, ರಾಜ ಒಂಟಿಯಾಗಿದ್ದು ಬೀಳುತ್ತದೆಯೇ ಎಂದು ನೋಡುತ್ತಾನೆ. ಆಡದೆ ಉಳಿದ ಮಾತಿನಿಂದ ಕಾಣದ ಎಲೆಯನ್ನು ಕಂಡುಹಿಡಿಯುವ ಈ ಬುದ್ಧಿಯನ್ನು ಜೂಜು ಎನ್ನಲು ನನಗೆ ಮನಸ್ಸು ಬಾರದು.

ಆದರೆ ನಿಮ್ಮ ಮಗ ಒಬ್ಬನೇ ಚಾಂಪಿಯನ್ ಆಗಲಾರ. ಬ್ರಿಡ್ಜ್ ಜೋಡಿಯ ಆಟ. ಜೊತೆಗಾರನಿಗೆ ಕಣ್ಸನ್ನೆ ಮಾಡುವಂತಿಲ್ಲ. ಬಿಡ್‌ನಿಂದ ಮತ್ತು ಆಡಿದ ಎಲೆಯಿಂದ ಮಾತ್ರ ಮಾತು, ಆ ಮಾತಿನ ಅರ್ಥವನ್ನು ಎದುರಾಳಿ ಕೇಳಿದರೆ ಬಚ್ಚಿಡದೆ ಹೇಳಬೇಕು. ಅಂಥ ಹೊಂದಾಣಿಕೆ ವರ್ಷಗಟ್ಟಲೆ ಜೊತೆಗೆ ಆಡಿದ ಮೇಲೆಯೇ ಕೂಡಿಬರುತ್ತದೆ. ತಾತನೊಂದಿಗಿನ ಆಟ ಮುಂದುವರಿಯಲಿ, ಆದರೆ ಕಿರಿಯರ ವಿಭಾಗಗಳಿಗೆ ವಯಸ್ಸಿನ ಮಿತಿ ಇರುವುದರಿಂದ ಓರಗೆಯ ಜೊತೆಗಾರ ಬೇಕೇ ಬೇಕು. ಬಂಧುಗಳ ಮಕ್ಕಳಲ್ಲಿ ‘ಇಪ್ಪತ್ತೆಂಟು’ ಎಂಬ ಇಸ್ಪೀಟಾಟ ಆಡಬಲ್ಲ ಹುಡುಗನೋ ಹುಡುಗಿಯೋ ಇದ್ದರೆ ಅಲ್ಲಿಂದ ಆರಂಭಿಸಿ. ಜೋಡಿ, ಕೂಗು, ತುರುಫು ಅವರಿಗೆ ಹೊಸದಲ್ಲ. ಇಬ್ಬರೂ ಕೂಡಿ ಆಡಿದ ಕೈಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಸೋತ ಕೈಯನ್ನು ಮಾರನೆಯ ದಿನ ಜಗಳವಿಲ್ಲದೆ ಮಾತನಾಡಿಕೊಳ್ಳಲಿ.

ಅಂತರ್ಜಾಲದಲ್ಲಿ ಆಡುವುದಾದರೆ ಹಣದ ಸೋಂಕಿಲ್ಲದ ಕಡೆ ಮಾತ್ರ, ಓದಿನ ವೇಳೆ ಬಿಟ್ಟು. ಸ್ಪರ್ಧೆಗಳ ವಿಚಾರವನ್ನು ಕರ್ನಾಟಕ ರಾಜ್ಯ ಬ್ರಿಡ್ಜ್ ಸಂಸ್ಥೆಗೆ ಬರೆದು ಕೇಳಿ. ಮೊದಲ ಸಲ ಸ್ಪರ್ಧೆಗೆ ಹೋಗುವಾಗ ಸಾಧ್ಯವಾದರೆ ತಾತನನ್ನೂ ಕರೆದುಕೊಂಡು ಹೋಗಿ.