ಚಾರ್ಜಿಂಗ್‌ಗೆ ಸ್ಮಾರ್ಟ್ ಪ್ಲಗ್, ಪವರ್ ಸೇವರ್ ಕೊಂಡರೆ ಕರೆಂಟ್ ಉಳಿಯುತ್ತದೆಯೇ?

ನೀವು ಕೇಳಿರುವುದು ಇಷ್ಟು: ಮನೆಯಲ್ಲಿ ನಾಲ್ಕು ಫೋನ್, ಎರಡು ಲ್ಯಾಪ್‌ಟಾಪ್, ಒಂದು ಎಲೆಕ್ಟ್ರಿಕ್ ಸ್ಕೂಟರ್ ಇವೆ. ಚಾರ್ಜರ್‌ಗಳು ಹಗಲೂ ರಾತ್ರಿ ಸಾಕೆಟ್‌ನಲ್ಲೇ ಇರುತ್ತವೆ. ಬ್ಯಾಟರಿ ತುಂಬಿದ ಕೂಡಲೇ ತಾನಾಗಿ ಆಫ್ ಆಗುವ ಸ್ಮಾರ್ಟ್ ಪ್ಲಗ್‌ಗಳನ್ನೋ, ಸಾಕೆಟ್‌ಗೆ ಸಿಕ್ಕಿಸುವ 'ಪವರ್ ಸೇವರ್' ಡಬ್ಬಿಯನ್ನೋ ಕೊಂಡರೆ ಬಿಲ್ ಇಳಿಯುತ್ತದೆಯೇ?

ಫೋನ್, ಲ್ಯಾಪ್‌ಟಾಪ್ ಮಟ್ಟಿಗೆ ಇಳಿಯುವುದಿಲ್ಲ. ಪವರ್ ಸೇವರ್ ಡಬ್ಬಿ ಯಾವುದಕ್ಕೂ ಬೇಡ. ಸ್ಕೂಟರ್ ವಿಷಯ ಬೇರೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಚಾರ್ಜರ್, ಅಡಾಪ್ಟರ್ ರಿಪೇರಿ ನನ್ನ ಕೆಲಸ. ಹಾಗಾಗಿ ಈ ಪ್ರಶ್ನೆಯನ್ನು ನನಗೆ ಬಹಳ ಜನ ಕೇಳುತ್ತಾರೆ. ನನ್ನ ಮಾತನ್ನು ಹಾಗೇ ನಂಬಬೇಕಿಲ್ಲ, ಲೆಕ್ಕ ಮುಂದಿಡುತ್ತೇನೆ.

ಮೊದಲು ಫೋನ್ ನಿಜವಾಗಿ ಎಷ್ಟು ತಿನ್ನುತ್ತದೆ ನೋಡೋಣ. 5000 ಎಂಎಎಚ್ ಬ್ಯಾಟರಿಯಲ್ಲಿ ಹಿಡಿಯುವುದು ಸುಮಾರು 19 ವ್ಯಾಟ್-ಅವರ್. ಚಾರ್ಜರ್‌ನಲ್ಲಿ, ಫೋನ್ ಒಳಗೆ ಬಿಸಿಯಾಗಿ ಹೋಗುವುದನ್ನೂ ಸೇರಿಸಿದರೆ ಗೋಡೆಯಿಂದ ಎಳೆಯುವುದು 22ರಿಂದ 25 ವ್ಯಾಟ್-ಅವರ್. ಬಿಲ್‌ನಲ್ಲಿ ಬರುವ ಒಂದು ಯೂನಿಟ್ ಎಂದರೆ 1000 ವ್ಯಾಟ್-ಅವರ್. ದಿನಕ್ಕೊಮ್ಮೆ ಸೊನ್ನೆಯಿಂದ ನೂರರವರೆಗೆ ತುಂಬಿಸಿದರೂ ಒಂದು ಫೋನ್‌ಗೆ ವರ್ಷಕ್ಕೆ 9 ಯೂನಿಟ್ ದಾಟುವುದು ಕಷ್ಟ. ಇದು ಬಳಕೆ. ಬ್ಯಾಟರಿಗೆ ಹೋಗಲೇಬೇಕಾದ ಶಕ್ತಿ ಇದು, ಯಾವ ಪ್ಲಗ್, ಡಬ್ಬಿ ತಂದರೂ ಕಡಿಮೆಯಾಗುವುದಿಲ್ಲ. ಉಳಿಸಲು ಜಾಗ ಇರುವುದು ಎರಡೇ ಕಡೆ: ಫೋನ್ ಇಲ್ಲದೆ ಖಾಲಿ ನಿಂತ ಚಾರ್ಜರ್ ಎಳೆಯುವುದರಲ್ಲಿ, ಮತ್ತು ಬ್ಯಾಟರಿ ತುಂಬಿದ ಮೇಲೂ ಫೋನ್ ಅಲ್ಲೇ ಇದ್ದಾಗ ಹೋಗುವುದರಲ್ಲಿ.

ಖಾಲಿ ಚಾರ್ಜರ್ ಬಗ್ಗೆ ಜನರಲ್ಲಿರುವ ಭಯಕ್ಕೆ ಕಾರಣ ಇಲ್ಲದಿಲ್ಲ. ಹಳೆಯ ಕಾಲದ ಅಡಾಪ್ಟರ್ ನೆನಪಿರಬಹುದು: ಕೈಯಲ್ಲಿ ಹಿಡಿದರೆ ಭಾರ, ಒಳಗೆ ಕಬ್ಬಿಣದ ತಗಡು ಮತ್ತು ತಾಮ್ರದ ಸುರುಳಿಯ ಟ್ರಾನ್ಸ್‌ಫಾರ್ಮರ್. ಏನನ್ನೂ ಜೋಡಿಸದಿದ್ದರೂ ಅದು ಬೆಚ್ಚಗಿರುತ್ತಿತ್ತು, ಯಾಕೆಂದರೆ ಸುಮ್ಮನೆ ನಿಂತಾಗಲೂ ಒಂದೆರಡು ವ್ಯಾಟ್ ಎಳೆಯುತ್ತಲೇ ಇರುತ್ತಿತ್ತು. 'ಚಾರ್ಜರ್ ಕಿತ್ತಿಡಿ' ಎಂಬ ಬುದ್ಧಿಮಾತು ಹುಟ್ಟಿದ್ದು ಆಗ, ಆಗ ಅದು ಸರಿಯೂ ಆಗಿತ್ತು. ಸುಮ್ಮನಿರುವ ಉಪಕರಣ 1 ವ್ಯಾಟ್‌ಗಿಂತ ಹೆಚ್ಚು ತಿನ್ನಬಾರದು ಎಂಬ ಗುರಿಯನ್ನು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 1999ರಲ್ಲಿ ಮುಂದಿಟ್ಟಿತು. ಆಮೇಲೆ ನಿಯಮಗಳು ಬಿಗಿಯಾಗುತ್ತಾ ಬಂದವು. ಅಮೆರಿಕದಲ್ಲಿ 2016ರಿಂದ, ಯುರೋಪಿಯನ್ ಒಕ್ಕೂಟದಲ್ಲಿ 2020ರಿಂದ, ಫೋನ್ ಚಾರ್ಜರ್ ಗಾತ್ರದ ಅಡಾಪ್ಟರ್ ಖಾಲಿ ನಿಂತಾಗ 0.1 ವ್ಯಾಟ್ ಮೀರುವಂತಿಲ್ಲ. ಸಾಮಾನ್ಯ ಲ್ಯಾಪ್‌ಟಾಪ್ ಅಡಾಪ್ಟರ್‌ಗೆ ಮಿತಿ 0.21 ವ್ಯಾಟ್. ದೊಡ್ಡ ಕಂಪನಿಗಳು ಒಂದೇ ವಿನ್ಯಾಸವನ್ನು ಹಲವು ದೇಶಗಳಿಗೆ ಕಳಿಸುವುದರಿಂದ ಈ ಲಾಭ ಬೇರೆ ಕಡೆಯವರಿಗೂ ಸಿಕ್ಕಿದೆ. ನಿಮ್ಮ ಚಾರ್ಜರ್‌ನ ಹಿಂಬದಿಯ ಸಣ್ಣ ಅಕ್ಷರಗಳ ನಡುವೆ ರೋಮನ್ ಅಂಕಿಯಲ್ಲಿ ಆರು (VI) ಎಂದು ಇದ್ದರೆ, ಅದು ಈ ಮಟ್ಟದ್ದು ಎಂದರ್ಥ. ಐದು (V) ಎಂದಿದ್ದರೆ ಅದಕ್ಕೂ ಹಿಂದಿನ ಮಟ್ಟ. ಅಲ್ಲಿ ಫೋನ್ ಚಾರ್ಜರ್‌ಗೆ 0.3 ವ್ಯಾಟ್‌ವರೆಗೆ ಅವಕಾಶ ಇತ್ತು.

0.1 ವ್ಯಾಟ್ ವರ್ಷವಿಡೀ ಹರಿದರೆ ಎಷ್ಟು? ವರ್ಷಕ್ಕೆ 8760 ಗಂಟೆ, ಹಾಗಾಗಿ 876 ವ್ಯಾಟ್-ಅವರ್. ಒಂದು ಯೂನಿಟ್ ಕೂಡ ಆಗಲಿಲ್ಲ. 2000 ವ್ಯಾಟ್‌ನ ಗೀಸರ್ 26 ನಿಮಿಷದಲ್ಲಿ ಇಷ್ಟನ್ನು ಮುಗಿಸುತ್ತದೆ. ನಿಮ್ಮ ಮನೆಯ ನಾಲ್ಕು ಫೋನ್ ಚಾರ್ಜರ್, ಎರಡು ಲ್ಯಾಪ್‌ಟಾಪ್ ಅಡಾಪ್ಟರ್ ಎಲ್ಲವೂ ವರ್ಷದ ಪ್ರತಿ ಗಂಟೆಯೂ ಖಾಲಿಯಾಗಿ ಸಾಕೆಟ್‌ನಲ್ಲೇ ಇದ್ದವು ಎಂದುಕೊಳ್ಳಿ. ಮಿತಿಯ ಗರಿಷ್ಠವನ್ನೇ ಹಿಡಿದರೂ ಒಟ್ಟು 7 ಯೂನಿಟ್ ಚಿಲ್ಲರೆ.

ಈಗ ಸ್ಮಾರ್ಟ್ ಪ್ಲಗ್ ಕಡೆ ಬನ್ನಿ. ಅದರೊಳಗೆ ಸಣ್ಣದೊಂದು ಪವರ್ ಸಪ್ಲೈ, ವೈ-ಫೈ ಚಿಪ್, ರಿಲೇ (ಕರೆಂಟಿನಿಂದಲೇ ಆನ್-ಆಫ್ ಆಗುವ ಸ್ವಿಚ್) ಇರುತ್ತವೆ. ನಿಮ್ಮ ಫೋನಿನಿಂದ ಆದೇಶ ಯಾವಾಗ ಬಂದರೂ ಕೇಳಿಸಿಕೊಳ್ಳಬೇಕಾದ್ದರಿಂದ ಅದು ಎಂದೂ ಪೂರ್ತಿ ಮಲಗುವುದಿಲ್ಲ. ರಿಲೇ ಆನ್ ಆಗಿರುವಷ್ಟು ಹೊತ್ತೂ ಅದರ ಕಾಯಿಲ್‌ಗೆ ಕರೆಂಟ್ ಬೇಕು. ಸಾಮಾನ್ಯವಾಗಿ ಅರ್ಧ ವ್ಯಾಟ್‌ನಿಂದ ಒಂದೂವರೆ ವ್ಯಾಟ್‌ವರೆಗೆ ಅದರ ಸ್ವಂತ ಖರ್ಚು. 1 ವ್ಯಾಟ್ ಹಿಡಿದರೆ ಒಂದು ಪ್ಲಗ್‌ಗೆ ವರ್ಷಕ್ಕೆ ಸುಮಾರು 8.8 ಯೂನಿಟ್, ಒಂದು ಫೋನ್ ವರ್ಷಪೂರ್ತಿ ಚಾರ್ಜ್ ಆಗುವಷ್ಟು. ಆರು ಚಾರ್ಜರ್‌ಗೆ ಆರು ಪ್ಲಗ್ ಹಾಕಿದರೆ 50 ಯೂನಿಟ್‌ಗೂ ಹೆಚ್ಚು. ಉಳಿಸಲು ಇದ್ದದ್ದೇ 7. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಇಷ್ಟಾದ ಮೇಲೆ ಆ ಪ್ಲಗ್ ತಯಾರಿಸಲು ಹೋದ ಪ್ಲಾಸ್ಟಿಕ್, ತಾಮ್ರ, ಚಿಪ್‌ಗಳ ಲೆಕ್ಕವನ್ನು ಬೇರೆಯಾಗಿ ಹಾಕುವ ಅಗತ್ಯವೂ ಬೀಳುವುದಿಲ್ಲ.

ಬ್ಯಾಟರಿ ತುಂಬಿದ ಮೇಲೆ ರಾತ್ರಿಯೆಲ್ಲ ಸಿಕ್ಕಿಸಿಯೇ ಇಟ್ಟರೆ ಕರೆಂಟ್ ಹರಿಯುತ್ತಲೇ ಇರುತ್ತದಲ್ಲ ಎಂಬುದು ಇನ್ನೊಂದು ಚಿಂತೆ. ಹಾಗಾಗುವುದಿಲ್ಲ. ಚಾರ್ಜಿಂಗ್ ಯಾವಾಗ ನಿಲ್ಲಬೇಕೆಂದು ತೀರ್ಮಾನಿಸುವುದು ಗೋಡೆಯ ಮೇಲಿನ ಚಾರ್ಜರ್ ಅಲ್ಲ, ಫೋನ್ ಒಳಗಿನ ಚಿಪ್. ತುಂಬಿದ ಮೇಲೆ ಫೋನ್ ತನ್ನ ಸ್ವಂತ ಖರ್ಚಿಗೆ ಬೇಕಾದ ಅಲ್ಪಸ್ವಲ್ಪವನ್ನಷ್ಟೇ ಎಳೆಯುತ್ತದೆ. ಅರ್ಧ ವ್ಯಾಟ್‌ನಂತೆ ಐದು ಗಂಟೆ ಎಂದರೂ 2.5 ವ್ಯಾಟ್-ಅವರ್, ವರ್ಷಕ್ಕೆ ಒಂದು ಯೂನಿಟ್‌ಗಿಂತ ಕಡಿಮೆ. ಅದರಲ್ಲೂ ಬಹುಪಾಲನ್ನು ಫೋನ್ ಹೇಗಿದ್ದರೂ ಬ್ಯಾಟರಿಯಿಂದ ಬಳಸುತ್ತಿದ್ದದ್ದು. ಆಮೇಲೆ ಮತ್ತೆ ತುಂಬಿಸಲೇಬೇಕಿತ್ತು.

ಪವರ್ ಸೇವರ್ ಡಬ್ಬಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇಲ್ಲಿ ನಡೆಯುತ್ತಿರುವುದು ಮೋಸ. ನಾನು ಬಿಚ್ಚಿ ನೋಡಿದ ಡಬ್ಬಿಯಲ್ಲಿ ಇದ್ದದ್ದು ಒಂದು ಚೌಕ ಕೆಪಾಸಿಟರ್ (ವಿದ್ಯುತ್ತನ್ನು ಕ್ಷಣಮಾತ್ರ ಹಿಡಿದು ಬಿಡುವ ಬಿಡಿಭಾಗ), ಒಂದು ಫ್ಯೂಸ್, ನಾಲ್ಕಾರು ಡಯೋಡ್ ಮತ್ತು ರೆಸಿಸ್ಟರ್ ಇರುವ ಹೆಬ್ಬೆರಳಗಲದ ಬೋರ್ಡ್, ಅದಕ್ಕೆ ಹಸಿರು ಎಲ್‌ಇಡಿ. ಕರೆಂಟನ್ನು ಅಳೆಯುವ, ಉಳಿಸುವ ಭಾಗ ಒಂದೂ ಇಲ್ಲ. ಆ ಎಲ್‌ಇಡಿ ಉರಿಯುವುದೂ ನಿಮ್ಮ ಮೀಟರ್ ಲೆಕ್ಕದಲ್ಲೇ.

ಮಾರುವವರು 'ಪವರ್ ಫ್ಯಾಕ್ಟರ್ ಸರಿಪಡಿಸುತ್ತದೆ' ಎನ್ನುತ್ತಾರೆ. ಪವರ್ ಫ್ಯಾಕ್ಟರ್ ಎಂಬುದು ನಿಜವಾದ ಸಂಗತಿಯೇ: ಎಳೆದ ಕರೆಂಟ್‌ನಲ್ಲಿ ಎಷ್ಟು ಪಾಲು ನಿಜವಾಗಿ ಕೆಲಸಕ್ಕೆ ಬರುತ್ತದೆ ಎಂಬ ಲೆಕ್ಕ ಅದು. ಮೋಟರ್ ಇರುವ ಉಪಕರಣಗಳಲ್ಲಿ ಸ್ವಲ್ಪ ಕರೆಂಟ್ ಕೆಲಸ ಮಾಡದೆ ತಂತಿಯಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿರುತ್ತದೆ. ದೊಡ್ಡ ಕಾರ್ಖಾನೆಗಳು ಅದಕ್ಕಾಗಿ ದಂಡ ಕಟ್ಟಬೇಕಾಗುತ್ತದೆ, ಹಾಗಾಗಿ ಅವು ಕೆಪಾಸಿಟರ್ ಬ್ಯಾಂಕ್, ಅಂದರೆ ಕೆಪಾಸಿಟರ್‌ಗಳ ಸಾಲನ್ನೇ ಹಾಕಿಸುತ್ತವೆ. ಆದರೆ ಮನೆಯ ಬಿಲ್ ಬರುವುದು ಯೂನಿಟ್ ಲೆಕ್ಕದಲ್ಲಿ, ಅಂದರೆ ನಿಜವಾಗಿ ಖರ್ಚಾದ ಶಕ್ತಿಯ ಮೇಲೆ. ಸುಮ್ಮನೆ ಓಡಾಡುವ ಕರೆಂಟ್ ಯೂನಿಟ್‌ನಲ್ಲಿ ಸೇರುವುದೇ ಇಲ್ಲ, ಹಾಗಾಗಿ ಅದನ್ನು ಕಡಿಮೆ ಮಾಡಿದರೆ ಬಿಲ್ ಇಳಿಯುವುದೂ ಇಲ್ಲ. ಅಮೆರಿಕದ ಸರ್ಕಾರಿ ಮಾಪನ ಸಂಸ್ಥೆ ನಿಸ್ಟ್ 2009ರಲ್ಲೇ ಈ ಬಗ್ಗೆ ವಿವರಣೆ ಪ್ರಕಟಿಸಿತ್ತು. ಇನ್ನು ಚಾರ್ಜರ್‌ಗಳ ವಿಷಯದಲ್ಲಂತೂ ಆ ವಾದ ಇನ್ನೂ ಸಲ್ಲದು. ಅವುಗಳ ಪವರ್ ಫ್ಯಾಕ್ಟರ್ ಕಡಿಮೆ ಇರುವುದಕ್ಕೆ ಕಾರಣ ಅವು ಕರೆಂಟನ್ನು ವೋಲ್ಟೇಜ್ ಅಲೆಯ ತುದಿಯಲ್ಲಿ ಮಾತ್ರ ಚೂರುಚೂರಾಗಿ ಎಳೆಯುವುದು. ಪಕ್ಕದಲ್ಲಿ ಕೆಪಾಸಿಟರ್ ಇಟ್ಟರೆ ಅದು ಸರಿಹೋಗುವುದಿಲ್ಲ.

ಡೆಮೊ ವಿಡಿಯೊ ನೋಡಿ ನಂಬಿದವರಿಗೆ ಒಂದು ಮಾತು. ಅಲ್ಲಿ ಒಂದು ಮೋಟರ್ ಓಡಿಸಿ, ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್‌ನಲ್ಲಿ ಆಂಪಿಯರ್ ತೋರಿಸಿ, ಡಬ್ಬಿ ಸಿಕ್ಕಿಸುತ್ತಾರೆ. ಆಂಪಿಯರ್ ನಿಜವಾಗಿಯೂ ಇಳಿಯುತ್ತದೆ. ಅದೇ ಜಾಗದಲ್ಲಿ ವ್ಯಾಟ್ ತೋರಿಸುವ ಮೀಟರ್ ಇಟ್ಟು ನೋಡಿ, ವ್ಯಾಟ್ ಇಳಿದಿರುವುದಿಲ್ಲ. ನೀವು ಹಣ ಕಟ್ಟುವುದು ವ್ಯಾಟ್‌ಗೆ. ಗೊತ್ತಿಲ್ಲದವರಿಗೆ ಹೀಗೆ ಅರ್ಧ ಸತ್ಯ ತೋರಿಸಿ ಮಾರುವುದನ್ನು ನೋಡಿದರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಬಿಲ್ ಕಟ್ಟಲು ಕಷ್ಟಪಡುವವರೇ ಇದನ್ನು ಹೆಚ್ಚಾಗಿ ಕೊಳ್ಳುವುದು.

ಗ್ಯಾನ್ (ಗ್ಯಾಲಿಯಂ ನೈಟ್ರೈಡ್ ಚಿಪ್ ಬಳಸುವ) ಚಾರ್ಜರ್ ಬಗ್ಗೆಯೂ ನನ್ನನ್ನು ಕೇಳುತ್ತಾರೆ. ಗಾತ್ರ ಚಿಕ್ಕದು, ಬಿಸಿ ಕಡಿಮೆ, ಒಳ್ಳೆಯ ವಸ್ತು. ಹೊಸದು ಬೇಕಾದಾಗ ಧಾರಾಳವಾಗಿ ಕೊಳ್ಳಿ. ಆದರೆ ದಿನಕ್ಕೆ 60 ವ್ಯಾಟ್-ಅವರ್ ಬಳಸುವ ಲ್ಯಾಪ್‌ಟಾಪ್‌ನಲ್ಲಿ ದಕ್ಷತೆ ಶೇ. 88ರಿಂದ 93ಕ್ಕೆ ಏರಿದರೂ ವರ್ಷಕ್ಕೆ ಉಳಿಯುವುದು ಒಂದೂಕಾಲು ಯೂನಿಟ್ ಆಸುಪಾಸು. ಅದಕ್ಕಾಗಿ ಚೆನ್ನಾಗಿರುವ ಚಾರ್ಜರ್ ಬಿಸಾಡಬೇಡಿ.

ವೈರ್‌ಲೆಸ್ ಪ್ಯಾಡ್ ಇದಕ್ಕೆ ತಿರುವುಮುರುವು. ಫೋನ್ ಸ್ವಲ್ಪ ಪಕ್ಕಕ್ಕೆ ಸರಿದರೂ ಅಲ್ಲಿ ನಷ್ಟ ಏರುತ್ತದೆ; ಗೋಡೆಯಿಂದ ಬಂದದ್ದರಲ್ಲಿ ಮೂರನೇ ಒಂದು ಭಾಗ ಬಿಸಿಯಾಗಿ ಹೋಗುವುದು ಅಪರೂಪವೇನಲ್ಲ. ಕೇಬಲ್‌ಗೆ ಹೋಲಿಸಿದರೆ ವರ್ಷಕ್ಕೆ ಎರಡು ಮೂರು ಯೂನಿಟ್ ಹೆಚ್ಚು. ಇದೂ ದೊಡ್ಡ ಮೊತ್ತವಲ್ಲ. ಆದರೆ ಖಾಲಿ ಚಾರ್ಜರ್ ಬಗ್ಗೆ ತಲೆಕೆಡಿಸಿಕೊಂಡು, ಪ್ಯಾಡ್ ಮೇಲೆ ಫೋನ್ ಇಡುವವರು ಈ ಸಂಖ್ಯೆಯನ್ನೂ ತಿಳಿದಿರಲಿ. ಆ ಬಿಸಿ ಬ್ಯಾಟರಿಗೂ ಒಳ್ಳೆಯದಲ್ಲ.

ಚಾರ್ಜಿಂಗ್‌ನಲ್ಲಿ ಏನಾದರೂ ಉಳಿಸಲೇಬೇಕು ಎಂದರೆ ಉಳಿಸಬೇಕಾದದ್ದು ಬ್ಯಾಟರಿಯ ಆಯಸ್ಸನ್ನು. ಒಂದು ಫೋನಿನ ಇಡೀ ಬದುಕಿನಲ್ಲಿ ಪರಿಸರಕ್ಕೆ ಬೀಳುವ ಹೊರೆಯ ಬಹುಪಾಲು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ, ಚಾರ್ಜ್ ಮಾಡುವಾಗ ಅಲ್ಲ. ಬ್ಯಾಟರಿ ಸೊರಗಿತೆಂದು ಒಂದು ವರ್ಷ ಮೊದಲೇ ಫೋನ್ ಬದಲಿಸಿದರೆ, ಎಷ್ಟು ವರ್ಷ ಚಾರ್ಜರ್ ಕಿತ್ತಿಟ್ಟರೂ ಅದು ಸರಿತೂಗುವುದಿಲ್ಲ. ಲಿಥಿಯಂ ಬ್ಯಾಟರಿಗೆ ಆಗದ ಎರಡು ಸಂಗತಿಗಳೆಂದರೆ ಬಿಸಿ, ಮತ್ತು ಸದಾ ನೂರರಲ್ಲಿ ತುಂಬಿಕೊಂಡಿರುವುದು. ಇದಕ್ಕೆ ಪರಿಹಾರ ನಿಮ್ಮ ಫೋನ್ ಒಳಗೇ ಇದೆ. ಐಫೋನ್‌ನಲ್ಲಿ 15ನೇ ಸರಣಿಯಿಂದ 80ಕ್ಕೆ ನಿಲ್ಲಿಸುವ ಆಯ್ಕೆ ಸಿಗುತ್ತದೆ. ಅದಕ್ಕಿಂತ ಹಳೆಯವುಗಳಲ್ಲಿ 2019ರ ಐಒಎಸ್ 13ರಿಂದ, ನೀವು ಏಳುವ ಹೊತ್ತಿಗೆ ಸರಿಯಾಗಿ ತುಂಬುವ ವ್ಯವಸ್ಥೆ ಇದೆ. ಆಂಡ್ರಾಯ್ಡ್ ಫೋನ್‌ಗಳಲ್ಲಿ ಸೆಟ್ಟಿಂಗ್ಸ್‌ನ ಬ್ಯಾಟರಿ ಭಾಗದಲ್ಲಿ 'ಬ್ಯಾಟರಿ ಪ್ರೊಟೆಕ್ಷನ್', 'ಅಡಾಪ್ಟಿವ್ ಚಾರ್ಜಿಂಗ್' ಮುಂತಾದ ಹೆಸರಲ್ಲಿ ಹುಡುಕಿ. ಸದಾ ಚಾರ್ಜರ್‌ಗೆ ಕಟ್ಟಿಹಾಕಿದ ಲ್ಯಾಪ್‌ಟಾಪ್‌ಗೆ ಇದು ಇನ್ನೂ ಮುಖ್ಯ; ತಯಾರಕರೇ ಕೊಟ್ಟ ತಂತ್ರಾಂಶದಲ್ಲಿ ಶೇ. 80ರ ಮಿತಿ ಬಹಳ ಮಾದರಿಗಳಲ್ಲಿ ಇರುತ್ತದೆ. ಆಟೋ ಕಟ್ ಪ್ಲಗ್‌ನಿಂದ ನೀವು ಬಯಸಿದ್ದು ಇದೇ ತಾನೇ, ಇದಕ್ಕೆ ಏನನ್ನೂ ಕೊಳ್ಳಬೇಕಿಲ್ಲ.

ಇಷ್ಟಾದರೂ ಮನೆಯಿಂದ ಹೊರಡುವಾಗ ಸ್ವಿಚ್ ಆಫ್ ಮಾಡುವ ಅಭ್ಯಾಸವಿದ್ದರೆ ಬಿಡಬೇಡಿ. ಅದು ಸುರಕ್ಷತೆಯ ಮಾತು. ಹೆಸರಿಲ್ಲದ ಅಗ್ಗದ ಚಾರ್ಜರ್‌ಗಳಲ್ಲಿ ಗೋಡೆಯ ಕರೆಂಟ್ ಬರುವ ಮೇನ್ಸ್ ಭಾಗಕ್ಕೂ ಯುಎಸ್‌ಬಿ ಭಾಗಕ್ಕೂ ನಡುವೆ ಇರಬೇಕಾದ ಅಂತರ ಇಲ್ಲದಿರುವುದನ್ನು ನಾನು ಮೇಜಿನ ಮೇಲೆ ನೋಡುತ್ತಲೇ ಇರುತ್ತೇನೆ. ಗುಡುಗು ಸಿಡಿಲಿನ ದಿನ ಪ್ಲಗ್ಗನ್ನೇ ಕಿತ್ತಿಡಿ, ಸ್ವಿಚ್ ಸಾಲದು. ಖಾಲಿ ಇರುವಾಗಲೂ ಬಿಸಿಯಾಗುವ ಚಾರ್ಜರ್ ಕಂಡರೆ ಬಳಸುವುದನ್ನು ನಿಲ್ಲಿಸಿ.

ಸ್ಮಾರ್ಟ್ ಪ್ಲಗ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಸುಮ್ಮನಿದ್ದಾಗಲೂ ಹತ್ತು ವ್ಯಾಟ್ ಎಳೆಯುವ ವಸ್ತುವಿಗೆ ಅದು ತಕ್ಕದ್ದು: ಹಳೆಯ ಸೆಟ್-ಟಾಪ್ ಬಾಕ್ಸ್, ತಟ್ಟನೆ ಆನ್ ಆಗುವ ಸ್ಥಿತಿಯಲ್ಲಿಟ್ಟ ಗೇಮ್ ಕನ್ಸೋಲ್, ಹಳೆಯ ಹೋಮ್ ಥಿಯೇಟರ್ ಆಂಪ್ಲಿಫೈಯರ್. ಹತ್ತು ವ್ಯಾಟ್ ಎಂದರೆ ವರ್ಷಕ್ಕೆ ಸುಮಾರು 88 ಯೂನಿಟ್. ದಿನದ ಮುಕ್ಕಾಲು ಹೊತ್ತು ಅದನ್ನು ಕಡಿದು ಹಾಕಿದರೆ, ಪ್ಲಗ್‌ನ ಸ್ವಂತ ಖರ್ಚು ಕಳೆದ ಮೇಲೂ 50 ಯೂನಿಟ್‌ಗಿಂತ ಹೆಚ್ಚು ಉಳಿಯುತ್ತದೆ. ಸ್ವಿಚ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಕೈಗೆಟುಕುವ ಹಾಗಿದ್ದರೆ ಅಲ್ಲೂ ಸ್ಮಾರ್ಟ್ ಪ್ಲಗ್ ಬೇಡ. ಸ್ವಿಚ್‌ಗೆ ಸ್ವಂತ ಖರ್ಚಿಲ್ಲ, ಆ್ಯಪ್ ಬೇಡ, ಕಂಪನಿ ಸರ್ವರ್ ಮುಚ್ಚಿತೆಂದು ಅದು ಕೆಲಸ ನಿಲ್ಲಿಸುವುದೂ ಇಲ್ಲ.

ಇನ್ನು ಸ್ಕೂಟರ್. 3 ಯೂನಿಟ್ ಹಿಡಿಯುವ ಬ್ಯಾಟರಿ ಪೂರ್ತಿ ತುಂಬಲು ಗೋಡೆಯಿಂದ ಸುಮಾರು ಮೂರೂವರೆ ಯೂನಿಟ್ ಬೇಕು; ಒಂದು ಫೋನ್ ಐದು ತಿಂಗಳು ಓಡುವಷ್ಟು. ನಿಮ್ಮ ಪಟ್ಟಿಯಲ್ಲಿ ಗಮನ ಕೊಡಬೇಕಾದ ಚಾರ್ಜರ್ ಇದೊಂದೇ. ನಿಮ್ಮ ವಿದ್ಯುತ್ ಸರಬರಾಜಿನಲ್ಲಿ ಹೊತ್ತಿಗೊಂದು ದರ ಇದ್ದರೆ, ಕಡಿಮೆ ದರದ ಗಂಟೆಗಳಿಗೆ ಚಾರ್ಜಿಂಗ್ ಹೊಂದಿಸುವುದರಿಂದ ಬಿಲ್ ಇಳಿಯುತ್ತದೆ. ಬಳಸುವ ಶಕ್ತಿ ಅಷ್ಟೇ ಇರುತ್ತದೆ, ದರ ಮಾತ್ರ ಬೇರೆ. ಸ್ಕೂಟರ್‌ನ ಆ್ಯಪ್‌ನಲ್ಲೇ ಸಮಯ ನಿಗದಿಯ ಸೌಲಭ್ಯ ಇದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಮಾತ್ರ ಟೈಮರ್ ಇರುವ ಸ್ಮಾರ್ಟ್ ಪ್ಲಗ್ ಯೋಚಿಸಿ, ಅದೂ 16 ಆಂಪಿಯರ್‌ನದು, ಅರ್ಥಿಂಗ್ ಸರಿಯಿರುವ 16 ಆಂಪಿಯರ್ ಸಾಕೆಟ್‌ನಲ್ಲಿ. ಸ್ಕೂಟರ್ ಚಾರ್ಜರ್ ಗಂಟೆಗಟ್ಟಲೆ ಒಂದೇ ಸಮ ಕರೆಂಟ್ ಎಳೆಯುತ್ತದೆ. ಫೋನ್‌ಗೆಂದು ಮಾರುವ ಸಣ್ಣ ಪ್ಲಗ್‌ಗಳ ಸಂಪರ್ಕ ಅಷ್ಟಕ್ಕೆ ತಾಳುವುದಿಲ್ಲ. ಹಾಕಿದ ಮೊದಲ ದಿನ ಅರ್ಧ ಗಂಟೆ ಬಿಟ್ಟು ಪ್ಲಗ್‌ನ ಹೊರಮೈ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ತೊಂದರೆಯಿಲ್ಲ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಬೋರ್ಡಿನ ಸ್ವಿಚ್ ಆಫ್ ಮಾಡಿ ಆ ಪ್ಲಗ್ ತೆಗೆದುಬಿಡಿ, ಸಾಕೆಟ್‌ನ ವೈರಿಂಗನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿ.