ಓದುಗರ ಪ್ರಶ್ನೆ: ಶಿಬಿರ ಮುಗಿದ ಮರುದಿನ ಕಾಲೇಜು ಏನು ಮಾಡಬೇಕು?

ಪ್ರಶ್ನೆ: ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ನಾನು ಸಹಾಯಕ ಪ್ರಾಧ್ಯಾಪಕಿ. ಈ ವರ್ಷ ಪ್ರಾಂಶುಪಾಲರು ಆರೋಗ್ಯ ಸಮಿತಿಯ ಹೊಣೆಯನ್ನು ನನಗೆ ವಹಿಸಿದ್ದಾರೆ. ಇದುವರೆಗೆ ಯೋಗ ದಿನದ ಕಾರ್ಯಕ್ರಮ ಮತ್ತು ವರ್ಷಕ್ಕೊಂದು ತಪಾಸಣಾ ಶಿಬಿರ ನಡೆದು ಅಷ್ಟಕ್ಕೇ ನಿಂತಿದೆ. ನಮ್ಮ ವಿದ್ಯಾರ್ಥಿನಿಯರಲ್ಲಿ ಹೆಚ್ಚಿನವರು ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬರುವವರು. ಮೊದಲ ತರಗತಿಯಲ್ಲೇ ತಲೆಸುತ್ತು ಬಂದು ಕುಸಿದು ಕೂರುವವರಿದ್ದಾರೆ. ಹಣದ ಅನುಕೂಲ ಕಡಿಮೆ. ಎಲ್ಲಿಂದ ಆರಂಭಿಸಲಿ?

ಉತ್ತರ: ಆ ತಲೆಸುತ್ತಿನಿಂದಲೇ ಆರಂಭಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 48ರಷ್ಟು ಮಂದಿಗೆ ರಕ್ತಹೀನತೆಯಿದೆ. ನಿಮ್ಮ ತರಗತಿ ಇದಕ್ಕೆ ಹೊರತಾಗಿರುವ ಸಾಧ್ಯತೆ ಕಡಿಮೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯವರಿಗೆ ಪತ್ರ ಬರೆದು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹೆಣ್ಣುಮಕ್ಕಳಲ್ಲಿ ಅದು 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆಯೆಂದೇ ಅರ್ಥ. ಪರೀಕ್ಷೆಯ ಮರುವಾರ ಅವರನ್ನು ವೈದ್ಯರ ಬಳಿಗೆ ಕಳುಹಿಸುವವರು ಯಾರು, ಕೆಲವು ತಿಂಗಳ ನಂತರ ಮರುಪರೀಕ್ಷೆ ಮಾಡಿಸುವವರು ಯಾರು ಎಂಬುದನ್ನು ಮೊದಲೇ ನಿಗದಿ ಮಾಡಿಕೊಳ್ಳಿ. ಶಿಬಿರಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಕಬ್ಬಿಣಾಂಶದ ಮಾತ್ರೆ ಕೊಟ್ಟಿದ್ದರೆ ಅದನ್ನು ಕಾಫಿ, ಚಹಾದ ಜೊತೆ ತೆಗೆದುಕೊಳ್ಳಬಾರದು, ನಿಂಬೆರಸದ ಜೊತೆ ತೆಗೆದುಕೊಂಡರೆ ದೇಹಕ್ಕೆ ಚೆನ್ನಾಗಿ ಸೇರುತ್ತದೆ ಎಂದು ತಿಳಿಸಿ. ಮುಟ್ಟಿನ ಸಮಯದಲ್ಲಿ ಅತಿಯಾಗಿ ರಕ್ತ ಹೋಗುತ್ತಿದ್ದರೆ ಅದನ್ನೂ ವೈದ್ಯರ ಬಳಿ ಹೇಳಲು ಧೈರ್ಯ ತುಂಬಿ. ಫಲಿತಾಂಶವನ್ನು ಮಾತ್ರ ತರಗತಿಯಲ್ಲಿ ಹೆಸರು ಹಿಡಿದು ಓದಲೇಬೇಡಿ.

ತಲೆಸುತ್ತಿಗೆ ಬರಿಹೊಟ್ಟೆಯೂ ಕಾರಣವಾಗಿರಬಹುದು. ಬಸ್ಸಿನ ವೇಳೆಯನ್ನು ಬದಲಿಸಲು ನಿಮ್ಮಿಂದ ಆಗದಿದ್ದರೂ ವೇಳಾಪಟ್ಟಿಯನ್ನು ಬದಲಿಸಬಹುದು: ಮೊದಲ ತರಗತಿಯ ನಂತರ ಹದಿನೈದು ನಿಮಿಷ ಬಿಡುವು ಕೊಟ್ಟು, ತಂದ ಬುತ್ತಿಯನ್ನು ಕುಳಿತು ತಿನ್ನಲು ಒಂದು ಕೊಠಡಿಯನ್ನು ತೆರೆದಿಡಿ. ಕಾಲೇಜುಗಳ ಆವರಣದಲ್ಲಿ ಜಂಕ್ ಫುಡ್ ಮಾರದಂತೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2016ರಲ್ಲಿಯೇ ಸೂಚಿಸಿದೆ. ಆದರೆ ಚಿಪ್ಸ್ ತೆಗೆದ ಜಾಗದಲ್ಲಿ ಹೆಸರುಕಾಳಿನ ಉಸಲಿ, ಬೇಯಿಸಿದ ಶೇಂಗಾ, ರಾಗಿ ಅಂಬಲಿ ಕಡಿಮೆ ಬೆಲೆಗೆ ಸಿಗದಿದ್ದರೆ ಮಕ್ಕಳು ಗೇಟಿನ ಹೊರಗಿನ ಅಂಗಡಿಗೇ ಹೋಗುತ್ತಾರೆ. ಕ್ಯಾಂಟೀನ್ ಗುತ್ತಿಗೆಯ ಷರತ್ತಿನಲ್ಲಿಯೇ ಇದನ್ನು ಬರೆಸಿ.

ಯಾರೂ ಬಾಯಿಬಿಟ್ಟು ಹೇಳದ ಸಂಗತಿಯೊಂದಿದೆ. ಶೌಚಾಲಯ ಬಳಸುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಹುಡುಗಿಯರು ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯುವುದಿಲ್ಲ. ತಲೆನೋವು, ಉರಿಮೂತ್ರ, ಮೂತ್ರನಾಳದ ಸೋಂಕು ಅವರನ್ನು ಕಾಡುವುದು ಇದರಿಂದಲೂ ಹೌದು. ನೀರು, ಚಿಲಕ, ಬಳಸಿದ ಪ್ಯಾಡ್ ಹಾಕಲು ಮುಚ್ಚಳವಿರುವ ಬುಟ್ಟಿ, ಈ ಮೂರೂ ಇವೆಯೇ ಎಂದು ಸಮಿತಿಯ ಒಬ್ಬರು ದಿನವೂ ನೋಡಲಿ. ಹತ್ತು ಉಪನ್ಯಾಸಗಳಿಗಿಂತ ಇದರ ಪ್ರಯೋಜನ ಹೆಚ್ಚೆಂದು ನಾನು ದೃಢವಾಗಿ ನಂಬುತ್ತೇನೆ.

ಮನಸ್ಸಿನ ಆರೋಗ್ಯಕ್ಕೆ ಬಂದರೆ, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಆಪ್ತ ಸಮಾಲೋಚಕರಾಗಲಿ, ಮನಶ್ಶಾಸ್ತ್ರಜ್ಞರಾಗಲಿ, ಸಮಾಜ ಕಾರ್ಯಕರ್ತರಾಗಲಿ ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ನೇಮಕಕ್ಕಾಗಿ ಇಲಾಖೆಗೆ ಬರೆಯುತ್ತಲೇ, ಕನ್ನಡದಲ್ಲಿಯೂ ಮಾತನಾಡಬಹುದಾದ, ಹಗಲಿರುಳು ಉಚಿತವಾಗಿ ಸಿಗುವ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಗುರುತಿನ ಚೀಟಿಯ ಹಿಂಬದಿಯಲ್ಲಿ ಮುದ್ರಿಸಿ. ಹಾಜರಾತಿ ಕೊರತೆಯ ಪಟ್ಟಿ ಹಾಕುವ ಮುನ್ನ ಅದರಲ್ಲಿರುವ ಪ್ರತಿಯೊಬ್ಬರನ್ನೂ ಕರೆದು ಮನೆಯ ಸ್ಥಿತಿಯನ್ನು ವಿಚಾರಿಸಿ. ಅವರು ಹೇಳಿದ್ದು ಸಿಬ್ಬಂದಿ ಕೊಠಡಿಯ ಮಾತಾಗದಿರಲಿ. ಆದರೆ ಯಾರಾದರೂ ಸಾಯುವ ಮಾತನ್ನಾಡಿದರೆ ಗುಟ್ಟೆಂದು ಸುಮ್ಮನಿರದೆ, ಅವರನ್ನು ಒಂಟಿಯಾಗಿ ಬಿಡದೆ, ಆಗಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಪ್ರಶ್ನೆ: ನಾನು ಕಾಲೇಜು ಕಚೇರಿಯ ನೌಕರ, ವಯಸ್ಸು 46. ಶಿಬಿರದಲ್ಲಿ ರಕ್ತದೊತ್ತಡ 152/96 ಎಂದು ಬಂತು. ನನಗೆ ಯಾವ ತೊಂದರೆಯೂ ಇಲ್ಲ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೇ?

ಉತ್ತರ: ಖಂಡಿತವಾಗಿ ತೆಗೆದುಕೊಳ್ಳಬೇಕು, ಅಧಿಕ ರಕ್ತದೊತ್ತಡ ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಹಾಗೆಂದು ಒಂದೇ ಅಳತೆಯಿಂದ ಕಾಯಿಲೆಯೆಂದು ತೀರ್ಮಾನಿಸುವಂತಿಲ್ಲ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಬೇರೆ ಬೇರೆ ದಿನ ಮತ್ತೆ ನೋಡಿಸಿ. ಅದಕ್ಕೆ ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ, ಸಿಗರೇಟು ಬೇಡ. ಐದು ನಿಮಿಷ ಬೆನ್ನಿಗೆ ಆಸರೆಯಿಟ್ಟು ಕುಳಿತು, ಅಳೆಯುವಾಗ ಮಾತನಾಡದಿರಿ. ಆಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಿಕಿತ್ಸೆ ಬೇಕು. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯಿರಿ. ಉಪ್ಪಿನಕಾಯಿ, ಹಪ್ಪಳವೂ ಸೇರಿ ದಿನದ ಉಪ್ಪು 5 ಗ್ರಾಂ, ಅಂದರೆ ಒಂದು ಟೀ ಚಮಚ, ಮೀರದಿರಲಿ. ವೈದ್ಯರು ಮಾತ್ರೆ ಬರೆದುಕೊಟ್ಟರೆ, ಒತ್ತಡ ಹತೋಟಿಗೆ ಬಂತೆಂದು ನೀವಾಗಿಯೇ ಅದನ್ನು ನಿಲ್ಲಿಸಬೇಡಿ.