ಬ್ರೂಕ್ಲಿನ್ ಬಿಟ್ಟ ಡಾಡ್ಜರ್ಸ್

ಪ್ರಶ್ನೆ: ಬೇಸ್‌ಬಾಲ್‌ನ ಡಾಡ್ಜರ್ಸ್ ತಂಡ ಮೊದಲು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿತ್ತಂತೆ. ಲಾಸ್ ಏಂಜಲೀಸ್‌ಗೆ ಹೋಗಿದ್ದೇಕೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮೈದಾನದ ಜಗಳದಿಂದ. 1913ರಲ್ಲಿ ತೆರೆದ ತಂಡದ ಮೈದಾನ ಎಬೆಟ್ಸ್ ಫೀಲ್ಡ್ ಹಳೆಯದಾಗಿತ್ತು, ಕಾರು ನಿಲ್ಲಿಸಲು ಜಾಗ ತೀರಾ ಕಡಿಮೆ. ಮಾಲೀಕ ವಾಲ್ಟರ್ ಓಮ್ಯಾಲಿ ಬ್ರೂಕ್ಲಿನ್‌ನಲ್ಲೇ ಹೊಸ ಮೈದಾನಕ್ಕೆ ಜಾಗ ಕೇಳಿದರು. ನಗರದ ಪ್ರಬಲ ಅಧಿಕಾರಿ ರಾಬರ್ಟ್ ಮೋಸೆಸ್ ಒಪ್ಪದೆ ಪಕ್ಕದ ಕ್ವೀನ್ಸ್‌ನಲ್ಲಿ ಜಾಗ ತೋರಿಸಿದರು. 1957ರ ಆಟಗಳು ಮುಗಿದ ಮೇಲೆ ತಂಡ ಹೊರಟೇ ಹೋಯಿತು.

ಅಭಿಮಾನಿಗಳ ಸಂಕಟ ಜಾಸ್ತಿಯಾಗಿದ್ದು ಸುಮ್ನೆ ಅಲ್ಲ. 1947ರ ಏಪ್ರಿಲ್ 15ರಂದು ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಆಡಲಿಳಿದದ್ದು ಇದೇ ತಂಡಕ್ಕೆ. ಅದಕ್ಕೂ ಮೊದಲು ಹಲವು ದಶಕ ಕಪ್ಪು ಜನರಿಗೆ ಅಮೆರಿಕದ ಬೇಸ್‌ಬಾಲ್‌ನ ಅತಿ ದೊಡ್ಡ ಮಟ್ಟವಾದ ಮೇಜರ್ ಲೀಗ್‌ನ ಬಾಗಿಲು ಮುಚ್ಚಿತ್ತು. ಬೈಗುಳ, ಬೆದರಿಕೆ ಎಲ್ಲ ಸಹಿಸಿ ಅವರು ಆಡಿದರು. ನನಗೆ ತಂಡ ಆಮೇಲೆ ಗೆದ್ದ ಟ್ರೋಫಿಗಿಂತ ಇದೇ ದೊಡ್ಡದು. ವರ್ಷದ ಕೊನೆಯ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ ಡಾಡ್ಜರ್ಸ್, ನ್ಯೂಯಾರ್ಕಿನದೇ ಇನ್ನೊಂದು ತಂಡ ಯಾಂಕೀಸ್ ಎದುರು ಮತ್ತೆ ಮತ್ತೆ ಸೋತು, 1955ರಲ್ಲಿ ಕೊನೆಗೂ ಗೆದ್ದರು. ಎರಡೇ ವರ್ಷಕ್ಕೆ ತಂಡವೇ ಇಲ್ಲ!

ಶರಾವತಿಯ ಮುಳುಗಡೆಯಲ್ಲಿ ಊರು ಬಿಟ್ಟವರ ನೋವು ನಮ್ಮ ಸಾಗರ, ಹೊಸನಗರದವರಿಗೆ ಗೊತ್ತು. ಅಷ್ಟು ದೊಡ್ಡ ನಷ್ಟ ಇದಲ್ಲ. ಆದರೂ ಓಣಿಯ ಜನರನ್ನು ಒಂದೆಡೆ ಸೇರಿಸುತ್ತಿದ್ದ ತಂಡ ಹೋದರೆ ನೋವಾಗುತ್ತದೆ, ಅಲ್ವಾ? 1960ರಲ್ಲಿ ಎಬೆಟ್ಸ್ ಫೀಲ್ಡ್ ಕೆಡವಿ, ಅಲ್ಲಿ ವಸತಿ ಕಟ್ಟಡ ಕಟ್ಟಿದರು.